ಸಿಲಿಂಡರ್ ಗ್ರಿಲ್‌ಗೆ ಮನೆಯ ಗ್ಯಾಸ್ ಲೈನ್ ಕೊಡೋಕೆ ಯಾವ ಅಡಾಪ್ಟರ್ ತರಬೇಕು? (ಅಮೆರಿಕದಲ್ಲಿದ್ದೇವೆ)

ಅಡಾಪ್ಟರ್ ಅಂತ ಓದಿದ ಕೂಡಲೇ ಹುಬ್ಬು ಮುಟ್ಟಿ ನೋಡಿಕೊಂಡೆ. ಇದೇ ಪ್ರಶ್ನೆ ಹೊತ್ತು ನಾನೂ ಅಂಗಡಿ ಅಂಗಡಿ ಸುತ್ತಿದ್ದೆ.

ಆಗ ನಾವು ನ್ಯೂಜೆರ್ಸಿಯಲ್ಲಿದ್ದೆವು. ಡೆಕ್ ಪಕ್ಕದ ಗೋಡೆಯಲ್ಲಿ ಹಿಂದಿನ ಮನೆಯವರು ಹಾಕಿಸಿದ್ದ ಗ್ಯಾಸ್ ಪೈಪಿನ ಮೂತಿ, ಅದಕ್ಕೊಂದು ವಾಲ್ವ್. ನನ್ನದು ಮಾಮೂಲಿ ಪ್ರೊಪೇನ್ ಗ್ರಿಲ್, ಅಂದರೆ ಸಿಲಿಂಡರಿನಲ್ಲಿ ಬರುವ ಗ್ಯಾಸಿನದು. ನಾಲ್ಕು ಜನ ಬಂದ ದಿನವೇ ಸಿಲಿಂಡರ್ ಖಾಲಿ ಆಗುತ್ತಿತ್ತು. ಮೆಕ್ಕೆಜೋಳ ಅರ್ಧ ಬೆಂದಿರುತ್ತಿತ್ತು, ನಾನು ಕಾರು ತೆಗೆದು ಓಡುತ್ತಿದ್ದೆ. ಪೈಪು ಎದುರಿಗೇ ಇದೆ, ಗ್ಯಾಸ್ ಅಂದರೆ ಗ್ಯಾಸ್ ಅಲ್ವಾ ಅಂದುಕೊಂಡೆ.

ಅಲ್ಲ. ಪೈಪಿನಲ್ಲಿ ಬರುವುದು ನ್ಯಾಚುರಲ್ ಗ್ಯಾಸ್, ಬಹುಪಾಲು ಮೀಥೇನ್. ಒಂದು ಘನ ಅಡಿ ಉರಿದರೆ ಸುಮಾರು 1,000 ಬಿಟಿಯು ಶಾಖ (ಬಿಟಿಯು ಅಂದರೆ ಇಲ್ಲಿ ಶಾಖ ಅಳೆಯುವ ಲೆಕ್ಕ). ಅಷ್ಟೇ ಪ್ರೊಪೇನ್ ಉರಿದರೆ 2,500. ಒತ್ತಡವೂ ಬೇರೆ. ಸಿಲಿಂಡರಿನ ರೆಗ್ಯುಲೇಟರ್ ದಾಟಿದ ಪ್ರೊಪೇನ್ 11 ಇಂಚು ನೀರು ಎತ್ತುವಷ್ಟು ಜೋರಿರುತ್ತದೆ, ಮನೆಯ ಲೈನು ಸಾಮಾನ್ಯವಾಗಿ 7 ಇಂಚು. ಅದಕ್ಕೇ ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಪುಟ್ಟ ಹಿತ್ತಾಳೆ ಜೆಟ್ ಇದೆಯಲ್ಲ, ಅದರ ತೂತು ಪ್ರೊಪೇನಿಗೆ ಸಣ್ಣದು, ನ್ಯಾಚುರಲ್ ಗ್ಯಾಸಿಗೆ ದೊಡ್ಡದು.

ಇದೊಂದೂ ತಿಳಿಯದೆ ರೆಗ್ಯುಲೇಟರ್ ಕಿತ್ತು ಹೋಸ್ ಸಿಕ್ಕಿಸಿದೆ. ಉರಿ ಹಣತೆಯಷ್ಟು ಬಂತು. ಬದನೆಕಾಯಿ ಸುಡಲಿಲ್ಲ, ಬೆವರಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಬದಲಿಗೆ ಜೆಟ್‌ಗಳನ್ನು ಬಿಚ್ಚಿ, ಗರಾಜಿನಲ್ಲಿ ಕೂತು, ಕಣ್ಣಂದಾಜಿನಲ್ಲಿ ಡ್ರಿಲ್ ಹಾಕಿ ತೂತು ಹಿಗ್ಗಿಸಿದೆ. ಈ ಡ್ರಿಲ್ ಹಾಕಿದ್ದೇ ನನ್ನ ತಪ್ಪು, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜೆಟ್ ಅಂದರೆ ಅಳತೆಯ ಪಾತ್ರೆ ಇದ್ದ ಹಾಗೆ. ಕೂದಲೆಳೆಯಷ್ಟು ಹೆಚ್ಚಾದರೂ ಲೆಕ್ಕ ತಪ್ಪುತ್ತದೆ. ಒಮ್ಮೆ ಹಿಗ್ಗಿಸಿದ್ದನ್ನು ಕುಗ್ಗಿಸಲು ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗ್ರಿಲ್ಲಿನ ಬೆನ್ನ ಮೇಲಿನ ಪಟ್ಟಿಯಲ್ಲಿ ಇನ್ನೂ ಪ್ರೊಪೇನ್ ಅಂತಲೇ ಬರೆದಿತ್ತು. ಎರಡು ಬೇಸಿಗೆ ಚೆನ್ನಾಗಿ ಉರಿಯಿತು. ಬಂದವರಿಗೆಲ್ಲ ನನ್ನ ಇಂಜಿನಿಯರಿಂಗ್ ತೋರಿಸಿದೆ. (ನಾನು ಸಾಫ್ಟ್‌ವೇರ್.)

ಆಮೇಲೆ ಪೆನ್ಸಿಲ್ವೇನಿಯಾಗೆ ಬಂದೆವು. ನಮ್ಮ ರಸ್ತೆಗೆ ಗ್ಯಾಸ್ ಲೈನೇ ಇಲ್ಲ. ಹೊಸ ರೆಗ್ಯುಲೇಟರ್, ಹೊಸ ಸಿಲಿಂಡರ್ ತಂದೆ. ಜೆಟ್ ವಿಷಯ ತಲೆಯಿಂದ ಹಾರಿಹೋಗಿತ್ತು. ಹಾವೇರಿಯಿಂದ ಅಪ್ಪ ಅವ್ವ ಬಂದಿದ್ದರು, ಅವ್ವನಿಗೆ ಸುಟ್ಟ ಬದನೆಕಾಯಿ ಬೇಕಿತ್ತು. ಮುಚ್ಚಳ ತೆಗೆದು ಬಗ್ಗಿ ಹೊತ್ತಿಸಿದೆ. ಹಿಗ್ಗಿದ ತೂತಿನಲ್ಲಿ ಪ್ರೊಪೇನ್ ನುಗ್ಗಿದರೆ ಶಾಖ ಎರಡು ಪಟ್ಟಾದರೂ ಆಗುತ್ತದೆ. ಹಳದಿ ಜ್ವಾಲೆ ನನ್ನ ಎತ್ತರಕ್ಕೆ ಎದ್ದಿತು. ಅವ್ವ ಬಾಗಿಲಲ್ಲಿ ನಿಂತು, ‘ಏನಪಾ, ಕಾಮಣ್ಣನ್ನ ಸುಡಾಕತ್ತಿಯೇನು?’ ಅಂದಳು. ಅಪ್ಪ ಮಾತಾಡದೆ ಬಂದು ಸಿಲಿಂಡರ್ ವಾಲ್ವ್ ತಿರುಗಿಸಿದರು. ಹುಬ್ಬು ಹೋಯಿತು. ಗೋಡೆಗೆ ಹೊದಿಸಿದ್ದ ವಿನೈಲ್ ಪ್ಲಾಸ್ಟಿಕ್ ಹಪ್ಪಳದಂತೆ ಮುರುಟಿತ್ತು. ಅದನ್ನು ರಿಪೇರಿ ಮಾಡಿಸಿದ ದುಡ್ಡಿನಲ್ಲಿ ಹೊಸ ಗ್ರಿಲ್ಲೇ ಬರುತ್ತಿತ್ತು.

ಹಾಗಾಗಿ ನಿಮಗೆ ಅಡಾಪ್ಟರ್ ಹೆಸರು ಹೇಳಲ್ಲ. ಗ್ರಿಲ್ ತಯಾರಿಸಿದವರೇ ನಿಮ್ಮ ಮಾಡೆಲ್‌ಗೆ ಪ್ರೊಪೇನಿನಿಂದ ನ್ಯಾಚುರಲ್ ಗ್ಯಾಸಿಗೆ ಬದಲಿಸುವ ಕನ್ವರ್ಷನ್ ಕಿಟ್ ಕೊಟ್ಟರೆ ಸರಿ, ಇಲ್ಲದಿದ್ದರೆ ಆಸೆ ಬಿಡಿ. ಪೈಪೇ ಬೇಕೆಂದರೆ ನ್ಯಾಚುರಲ್ ಗ್ಯಾಸಿಗೆಂದೇ ಮಾಡಿದ ಗ್ರಿಲ್ ಕೊಳ್ಳಿ, ಲೈಸೆನ್ಸ್ ಇರುವ ಪ್ಲಂಬರ್ ಕರೆಸಿ, ಊರಿನ ಪರ್ಮಿಟ್ ತೆಗೆಸಿ. ಪ್ಲಂಬರ್ ಪೈಪಿನ ಉದ್ದ ಅಳೆಯಬೇಕು. ಮನೆ ಬೆಚ್ಚಗಿಡುವ ಫರ್ನೆಸ್, ವಾಟರ್ ಹೀಟರ್, ಒಲೆ ಎಲ್ಲದರ ಬಿಟಿಯು ಕೂಡಿಸಬೇಕು. ಅರ್ಧ ಇಂಚಿನ ಪೈಪಿಗೆ ಎಲ್ಲರನ್ನೂ ಸಾಕಲು ಆಗುವುದಿಲ್ಲ. ಅವರು ಹೋದ ಮೇಲೂ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎದ್ದರೆ ಸೋರುತ್ತಿದೆ.

ಆದರೆ ನಿಜಕ್ಕೂ ನಿಮಗೆ ಪೈಪು ಬೇಕಾ? ಮಧ್ಯದಲ್ಲಿ ಗ್ಯಾಸ್ ಮುಗಿಯುತ್ತದೆ ಅನ್ನುವುದು ತಾನೇ ನಿಮ್ಮ ಗೋಳು? 20 ಪೌಂಡಿನ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ. ಗಂಟೆಗೆ 40,000 ಬಿಟಿಯು ತಿನ್ನುವ ಗ್ರಿಲ್ ಪೂರ್ತಿ ಉರಿಸಿದರೂ ಹತ್ತು ಗಂಟೆ ಬರುತ್ತದೆ. ಇನ್ನೊಂದು ಸಿಲಿಂಡರ್ ತಂದು ಹೊರಗೆ ನಿಲ್ಲಿಸಿಟ್ಟುಕೊಳ್ಳಿ. ಗರಾಜಿನಲ್ಲಿ ಬೇಡ. ಊರಲ್ಲಿ ಅವ್ವ ಡಬಲ್ ಸಿಲಿಂಡರ್ ಇಟ್ಟುಕೊಂಡೇ ಸಂಸಾರ ಮಾಡಿದ್ದಳು, ನನಗೆ ಹೊಳೆಯಲೇ ಇಲ್ಲ.

ಆ ಹಳೇ ಗ್ರಿಲ್ ಪುಕ್ಕಟೆ ಕೇಳಿದವರಿಗೂ ಕೊಡಲಿಲ್ಲ. ಜೆಟ್ ಬಿಚ್ಚಿ ಸುತ್ತಿಗೆಯಲ್ಲಿ ಜಜ್ಜಿ, ಉಳಿದದ್ದನ್ನು ಗುಜರಿಗೆ ಹಾಕಿದೆ.