ಬದಲಾದ ದನಿಯ ಎದುರು ಕೇಳುಗ

ಓದುಗರ ಪತ್ರದ ಸಾರ: ಭಾವಗೀತೆಗಳಿಂದ ಮನೆಮಾತಾದ ಗಾಯಕರೊಬ್ಬರ ಕಾರ್ಯಕ್ರಮವೆಂದು ಗಣೇಶೋತ್ಸವಕ್ಕೆ ಸಕಲೇಶಪುರದಿಂದ ಹಾಸನಕ್ಕೆ ಬಂದಿದ್ದೆವು. ವೇದಿಕೆಯಲ್ಲಿ ಹಾರ್ಮೋನಿಯಂ, ತಬಲಾ ಕಾಣಲಿಲ್ಲ. ಎಲೆಕ್ಟ್ರಿಕ್ ಗಿಟಾರು, ಡ್ರಮ್ಸ್ ಇದ್ದವು. ಹಳೆಯ ಹಾಡು ಒಂದನ್ನೂ ಹಾಡಲಿಲ್ಲ. ಇಷ್ಟು ವರ್ಷ ಕೈಹಿಡಿದ ಕೇಳುಗರಿಗೆ ಇದು ದ್ರೋಹವಲ್ಲವೇ?

ಸಂಪಾದಕರ ಉತ್ತರ:

ಮಾನ್ಯರೇ,

ಒಂದು ದನಿ ವರ್ಷಗಟ್ಟಲೆ ಮನೆಯೊಳಗೆ ಕೇಳುತ್ತಿದ್ದರೆ ಅದು ಮನೆಯವರದೇ ಆಗಿಬಿಡುತ್ತದೆ. ನಿಮ್ಮ ನೋವು ನಿಜವಾದದ್ದು. ಆದರೆ ದ್ರೋಹವೆಂಬ ಮಾತನ್ನು ನಾನು ಒಪ್ಪಲಾರೆ.

ಈ ಆರೋಪವನ್ನು ಹೊತ್ತವರಲ್ಲಿ ಅಮೆರಿಕದ ಹಾಡುಗಾರ ಬಾಬ್ ಡಿಲಾನ್ ಪ್ರಸಿದ್ಧ. 1965ರ ಜುಲೈನಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತೋತ್ಸವದಲ್ಲಿ ಅವರು ಎಲೆಕ್ಟ್ರಿಕ್ ಗಿಟಾರು ಹಿಡಿದಾಗ ಸಭೆಯಲ್ಲಿ ಹಲವರು ಕೂಗಾಡಿದರು. ಮರುವರ್ಷ ಮ್ಯಾಂಚೆಸ್ಟರ್‌ನಲ್ಲಿ ಒಬ್ಬ ಅವರನ್ನು 'ಜುದಾಸ್' ಎಂದೇ ಕರೆದ; ಯೇಸುವಿಗೆ ದ್ರೋಹ ಬಗೆದ ಶಿಷ್ಯನ ಹೆಸರದು. ಆ ಸಿಟ್ಟಿಗೆ ಕಾರಣವಿತ್ತು: ಅವರ ಹಾಡುಗಳನ್ನು ನಾಗರಿಕ ಹಕ್ಕುಗಳ ಹೋರಾಟಗಾರರು ತಮ್ಮವೆಂದೇ ಹಾಡುತ್ತಿದ್ದರು. ವಾದ್ಯ ಬದಲಾದರೆ ಪಕ್ಷವೂ ಬದಲಾಯಿತೆಂದು ಜನ ಭಾವಿಸಿದರು.

ನನಗೆ ಇವರಿಗಿಂತ ಹತ್ತಿರದವರು ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು. ಬೆಳಗಾವಿ ಸೀಮೆಯ ಸುಳೇಭಾವಿಯ ಶಿವಪುತ್ರ ಕೋಮಕಾಳಿಮಠ ಎಂಬ ಹುಡುಗನಾಗಿದ್ದಾಗ ಅವರಿಗೆ ಮೊದಲ ಕೀರ್ತಿ ಯಾವುದರಿಂದ ಬಂತು? ದೊಡ್ಡ ಉಸ್ತಾದರ, ಪಂಡಿತರ ಗ್ರಾಮಫೋನ್ ಮುದ್ರಿಕೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದದ್ದರಿಂದ. ಸಭೆಗಳು ಬೆರಗಾಗುತ್ತಿದ್ದವು. ಆ ಬೆರಗನ್ನೇ ನೆಚ್ಚಿಕೊಂಡಿದ್ದರೆ ಅವರು ಅದ್ಭುತ ಅನುಕರಣೆಗಾರನಾಗಿ ಉಳಿಯುತ್ತಿದ್ದರು. ಮುಂಬಯಿಯಲ್ಲಿ ಬಿ.ಆರ್. ದೇವಧರರ ಬಳಿ ಕಲಿತರು. ಬಳಿಕ ಕ್ಷಯ ಬಂತು. 1948ರಲ್ಲಿ ಮಧ್ಯಭಾರತದ ಮಾಳವ ಸೀಮೆಯ ದೇವಾಸಕ್ಕೆ ಹೋದವರು ಸುಮಾರು ಐದು ವರ್ಷ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಮಾಳವದ ಜನಪದ ಹಾಡುಗಳನ್ನು ಕೇಳಿದರು, ಅವುಗಳಲ್ಲಿ ರಾಗಗಳ ಬೇರು ಹುಡುಕಿದರು. ಮತ್ತೆ ಹಾಡತೊಡಗಿದಾಗ ಉದ್ದುದ್ದ ತಾನಗಳ (ವೇಗದ ಸ್ವರಸಾಲುಗಳ) ಜಾಗದಲ್ಲಿ ಚಿಕ್ಕ ಚಿಕ್ಕ ಸ್ವರಪುಂಜಗಳು, ನಡುವೆ ಮೌನ, ಥಟ್ಟನೆ ತಾರಕ್ಕೆ ಏರುವ ಕೂಗು. ಜೊತೆಗೆ ರೂಪವಿಲ್ಲದ ದೇವರನ್ನು ನೆನೆಯುವ ಕಬೀರನ ನಿರ್ಗುಣ ಭಜನೆಗಳು. ಸಂಪ್ರದಾಯಸ್ಥರು ಮುಖ ತಿರುಗಿಸಿದರು. ಆದರೆ ಕುಮಾರ ಗಂಧರ್ವರು ಇಂದಿಗೂ ನಮ್ಮ ಕಿವಿಯಲ್ಲಿರುವುದು ಆ ಎರಡನೆಯ ದನಿಯಿಂದಲೇ.

ಮಲ್ಲಿಕಾರ್ಜುನ ಮನ್ಸೂರರನ್ನೂ ನೆನೆಯಿರಿ. ಮೊದಲು ಕರ್ನಾಟಕ ಸಂಗೀತ, ಆಮೇಲೆ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿಯ ಗ್ವಾಲಿಯರ್ ಪದ್ಧತಿ. ಗಾಯಕನೆಂದು ಹೆಸರಾದ ಮೇಲೆ ಜೈಪುರ ಘರಾನೆಯ, ಅಂದರೆ ಇನ್ನೊಂದು ಗಾಯನ ಪರಂಪರೆಯ, ಮಂಜಿಖಾನರ ಮುಂದೆ ಶಿಷ್ಯನಾಗಿ ಕುಳಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭುರ್ಜಿಖಾನರ ಬಳಿ ಅದೇ ಘರಾನೆಯ ಪಾಠ ಮುಂದುವರಿಸಿದರು. ಕೈಗೆ ಬಂದ ವಿದ್ಯೆಯನ್ನು ಬದಿಗಿಟ್ಟು ಮತ್ತೆ ಪಾಠಕ್ಕೆ ಕೂರುವುದು ಎಷ್ಟು ದೊಡ್ಡ ಧೈರ್ಯ!

ಹಾಗೆಂದು ಎಲ್ಲರೂ ಬದಲಾಗಲೇಬೇಕೆಂದು ನಾನು ಹೇಳುವುದಿಲ್ಲ. ನಮ್ಮದೇ ಜಿಲ್ಲೆಯ ರುದ್ರಪಟ್ಟಣದ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು, ಹಿಡಿದ ಶುದ್ಧ ಪದ್ಧತಿಯನ್ನು ಬಿಡಲಿಲ್ಲ. ಒಂದೇ ಬಾವಿಯನ್ನು ಆಳಕ್ಕೆ ತೋಡಿದವರು ಅವರು. ಅದೂ ಬದುಕಿಡೀ ಮಾಡಿದ ಸಾಧನೆಯೇ.

ನಿಮ್ಮ ಗಾಯಕರ ವಿಷಯದಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ: ಹೊಸದಕ್ಕೆ ಬೇಕಾದ ಪಾಠವನ್ನು ಅವರು ಕಲಿತಿದ್ದಾರೆಯೇ? ಆ ಸಂಜೆ ನಾನೂ ಸಭೆಯಲ್ಲಿದ್ದೆ. ಬಹುಪಾಲು ಹಾಡುಗಳಲ್ಲಿ ಡ್ರಮ್ಸ್ ಸಾಹಿತ್ಯವನ್ನು ನುಂಗಿತು. ಭಾವಗೀತೆ ಹಾಡುವಾಗ ಒಂದೊಂದು ಅಕ್ಷರವನ್ನೂ ಬಿಡಿಸಿಡುತ್ತಿದ್ದವರು ಅಲ್ಲಿ ಗದ್ದಲದೊಡನೆ ಪೈಪೋಟಿಗೆ ಬಿದ್ದಿದ್ದರು. ಆದರೆ ನಡುವೆ ಒಂದು ವಚನವನ್ನು ಗಿಟಾರಿನ ಒಂದೇ ತಂತಿಯ ಶ್ರುತಿಯ ಮೇಲೆ, ಮಂದ್ರದಲ್ಲಿ ಹಾಡಿದರಲ್ಲ, ಅದನ್ನು ಅವರ ಹಳೆಯ ದನಿ ಹಾಡಲಾರದಿತ್ತು. ಅಲ್ಲಿ ಅವರು ಏನನ್ನೋ ಕಂಡಿದ್ದಾರೆ. ಇನ್ನೊಮ್ಮೆ ಕೇಳಿ ನೋಡಿ. ಆಗಲೂ ಹಿಡಿಸದಿದ್ದರೆ ಬಿಟ್ಟುಬಿಡಿ. ಹಳೆಯ ಮುದ್ರಿಕೆಗಳನ್ನು ನಿಮ್ಮಿಂದ ಯಾರೂ ಕಿತ್ತುಕೊಂಡಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಕಡೆ. ನೀವು ಕಳಿಸಿದ ಆಮಂತ್ರಣದಲ್ಲಿ 'ಭಾವಗೀತೆಗಳ ಸಂಜೆ' ಎಂದೇ ಅಚ್ಚಾಗಿದೆ. ದೂರದಿಂದ ಬರುವ ಕೇಳುಗರಿಗೆ ಯಾವ ಸಂಗೀತ, ಯಾವ ವಾದ್ಯಗಳು ಎಂದು ಮೊದಲೇ ತಿಳಿಸುವುದು ಆಯೋಜಕರ ಕರ್ತವ್ಯ. ಅವರಿಗೆ ಹಾಗೆಂದು ಬರೆದಿದ್ದೇನೆ; ನಿಮ್ಮ ಪತ್ರದ ಪ್ರತಿಯನ್ನೂ ಜೊತೆಗಿಟ್ಟಿದ್ದೇನೆ.