ಗ್ಯಾಸ್ ಬೇಡದ ಮಿಗ್ ವೈರ್ ಹಾಕಿದರೆ ಕಿಡಿ ಯಾಕೆ ಇಷ್ಟು ಸಿಡಿಯುತ್ತದೆ?

ಮಂಡ್ಯದಲ್ಲಿ ಕಬ್ಬಿನ ಟ್ರೇಲರ್ ರಿಪೇರಿಗೆ ಮಿಗ್ ಮೆಷಿನ್ (ವೈರ್ ತಾನೇ ಮುಂದೆ ಬರುವ ವೆಲ್ಡಿಂಗ್ ಮೆಷಿನ್) ತಗೊಂಡಿದ್ದೀರಿ. ಗ್ಯಾಸ್ ಬೇಡದ ಫ್ಲಕ್ಸ್ ವೈರ್ ಹಾಕಿದರೆ ಬರೀ ಕಿಡಿ, ಬೆಸುಗೆ ಕೂರುತ್ತಿಲ್ಲ, ಅಲ್ವಾ? ಮೊದಲು ಪೊಲಾರಿಟಿ, ಅಂದರೆ ಪ್ಲಸ್-ಮೈನಸ್ ಯಾವುದಕ್ಕೆ ಕೊಟ್ಟಿದೆ ಅಂತ ನೋಡಿ. ಸಿಲಿಂಡರ್ ಜೊತೆ ಬಳಸುವ ಸಾದಾ ವೈರ್‌ಗೆ ಗನ್ ಪ್ಲಸ್‌ನಲ್ಲಿ, ಅರ್ಥ್ ಕ್ಲಾಂಪ್ ಮೈನಸ್‌ನಲ್ಲಿ ಇರಬೇಕು. ಗ್ಯಾಸ್ ಬೇಡದ ವೈರ್‌ಗೆ ಇದು ಪೂರ್ತಿ ಉಲ್ಟಾ. ಮೆಷಿನ್ ಆಫ್ ಮಾಡಿ, ಗನ್ ಮತ್ತು ಕ್ಲಾಂಪ್‌ನ ಪ್ಲಗ್ ತೆಗೆದು ಅದಲುಬದಲು ಮಾಡಿ. ಕ್ಲಾಂಪ್ ಹಾಕುವ ಜಾಗದ ತುಕ್ಕು, ಪೇಂಟ್ ಉಜ್ಜಿ.

ಆಮೇಲೆ ವೈರ್ ಮುಂದೆ ತಳ್ಳುವ ರೋಲರ್ ನೋಡಿ. ಈ ವೈರ್ ಒಳಗೆ ಪುಡಿ ತುಂಬಿದ ತೆಳು ಕೊಳವೆ. ಸುಮ್ನೆ ಬಿಗಿ ಮಾಡಿದರೆ ಚಪ್ಪಟೆಯಾಗಿ ಗನ್ ತುದಿಯ ಟಿಪ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಹಲ್ಲಿನ ರೋಲರ್ ಹಾಕಿ, ವೈರ್ ಜಾರದಷ್ಟು ಮಾತ್ರ ಬಿಗಿ ಮಾಡಿ. 0.8 ಎಂಎಂ ವೈರ್‌ಗೆ ಅದೇ ಅಳತೆಯ ಟಿಪ್.

ಬೆಸೆಯುವಾಗ ಗನ್ ಎಳೆಯಿರಿ, ತಳ್ಳಬೇಡಿ. ವೈರ್ ಟಿಪ್‌ನಿಂದ ಸುಮಾರು 15 ಎಂಎಂ ಹೊರಗಿರಲಿ. ವೈರ್ ಕಬ್ಬಿಣಕ್ಕೆ ಕುಟ್ಟಿ ಗನ್ ಹಿಂದೆ ತಳ್ಳಿದರೆ ವೈರ್ ಬರುವ ಸ್ಪೀಡ್ ಜಾಸ್ತಿ ಇದೆ ಅಂತ ಅರ್ಥ. ಕರಗಿ ಟಿಪ್‌ಗೇ ಅಂಟಿದರೆ ಕಮ್ಮಿ.

ಗದ್ದೆ ಬಯಲಿನ ಗಾಳಿಗೆ ನನ್ನ ಪ್ರಕಾರ ಈ ವೈರೇ ಸರಿ. ಸಿಲಿಂಡರ್ ಗ್ಯಾಸ್ ಹಾರಿಹೋಗಿ ಬೆಸುಗೆಯಲ್ಲಿ ಸಣ್ಣ ತೂತು ಬೀಳುತ್ತವೆ. ಹೊಗೆ ಮಾತ್ರ ಜಾಸ್ತಿ, ಗಾಳಿ ಬರುವ ಕಡೆ ನಿಲ್ಲಿ. ಸುತ್ತಲಿನ ಒಣ ತರಗನ್ನು ಮೊದಲೇ ದೂರ ಸರಿಸಿ.