ಅಜ್ಜನಿಗಾಗಿ ಮಾಡಿದ ಪ್ರಾರ್ಥನೆ ಮತ್ತು ಹುಡುಗಿಯೊಬ್ಬಳ ಸಂಶಯ

ಹುಡುಗಿಗೆ 11 ವರ್ಷ. ಭಾನುವಾರ ಬೆಳಗ್ಗೆ ಮಾತ್ರ ಹೊಟ್ಟೆನೋವು ಬರುತ್ತಿತ್ತು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿಸಿ, ದೇಹದಲ್ಲಿ ಏನೂ ತೊಂದರೆ ಇಲ್ಲ ಎಂದು ಹೇಳಿ ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದ್ದರು. ಉತ್ತರ ಕರ್ನಾಟಕದ ಕುಟುಂಬ, ಸ್ವಿಟ್ಜರ್ಲೆಂಡಿನ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು. ತಂದೆ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿದ್ದಾರೆ, ತಾಯಿ ಶಿಕ್ಷಕಿ, ಜೊತೆಗೆ ಅಜ್ಜಿ. ಮನೆಯವರ ಮತ್ತು ಹುಡುಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ತಂದೆಯ ದೂರು ಹೊಟ್ಟೆನೋವಿನ ಬಗ್ಗೆ ಇರಲಿಲ್ಲ. "ದೇವರನ್ನೇ ನಂಬಂಗಿಲ್ಲ ಅಂತಾಳ್ರಿ. ಪ್ರಾರ್ಥನೆಗೆ ಕಣ್ಣು ಮುಚ್ಚಂಗಿಲ್ಲ. ನೀವರ ತಿಳಿಸಿ ಹೇಳ್ರಿ" ಎಂದರು.

ನಂಬು ಅಥವಾ ನಂಬಬೇಡ ಎಂದು ಹೇಳುವುದು ಆಪ್ತಸಲಹೆಗಾರರ ಕೆಲಸ ಅಲ್ಲ. ಅದನ್ನು ಅವರಿಗೆ ಮೊದಲೇ ಹೇಳಿದೆ. ಮಗುವಿಗೆ ಎಲ್ಲಿ ನೋವಾಗಿದೆ ಎಂದು ಮೊದಲು ಹುಡುಕೋಣ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ, ಆದರೂ ಒಪ್ಪಿಕೊಂಡರು.

ಕೆಲವು ತಿಂಗಳ ಹಿಂದೆ ಅಜ್ಜ ತೀರಿಕೊಂಡಿದ್ದರು. ಮಿದುಳಿನಲ್ಲಿ ರಕ್ತಸ್ರಾವವಾಗಿ ಆಸ್ಪತ್ರೆಯಲ್ಲಿದ್ದಾಗ ಮನೆಯಲ್ಲಿ ಉಪವಾಸ ಪ್ರಾರ್ಥನೆ ನಡೆದಿತ್ತು. ಸಭೆಯವರೆಲ್ಲ ಬಂದು ಪ್ರಾರ್ಥಿಸಿದ್ದರು. ಅದೇ ವಾರ ಸಂಡೆ ಸ್ಕೂಲಿನಲ್ಲಿ ಸಾಸಿವೆ ಕಾಳಿನ ಪಾಠ. ಅಷ್ಟು ನಂಬಿಕೆ ಇದ್ದರೂ ಸಾಕು, ಬೆಟ್ಟ ಕೂಡ ಜರುಗುತ್ತದೆ ಎಂದು ಟೀಚರ್ ಹೇಳಿದ್ದರು. ಅಜ್ಜ ಹೋದ ಮೇಲೆ ಹುಡುಗಿ ಎದ್ದು ನಿಂತು, "ದೇವರು ನಿಜವಾಗ್ಲೂ ಕೇಳಿಸ್ಕೊಳ್ತಾನೇನ್ರಿ ಮಿಸ್?" ಎಂದು ಕೇಳಿದಳು. "ತೋಮನ ಹಾಗೆ ಸಂಶಯ ಪಡಬಾರದು, ಸಂಶಯ ಸೈತಾನನ ಕೆಲಸ" ಎಂಬ ಉತ್ತರ ಸಿಕ್ಕಿತು (ಸತ್ತ ಯೇಸು ಮತ್ತೆ ಎದ್ದು ಬಂದದ್ದನ್ನು, ಶಿಲುಬೆಯ ಗಾಯ ನೋಡದೆ ನಂಬುವುದಿಲ್ಲ ಎಂದ ಶಿಷ್ಯ ತೋಮ). ಹೊಟ್ಟೆನೋವು ಶುರುವಾಗಿದ್ದು ಆಮೇಲೆ.

ನಾನು ಅವಳ ಹತ್ತಿರ ದೇವರ ವಿಷಯ ಎತ್ತಲೇ ಇಲ್ಲ. ಅಜ್ಜನ ಬಗ್ಗೆ ಕೇಳಿದೆ. ಅವರಿಗೆ ಏನು ಇಷ್ಟ, ಯಾವ ಹಾಡು ಹಾಡುತ್ತಿದ್ದರು, ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ತುಂಬ ಹೊತ್ತು ಮಾತಾಡಿದಳು. ಆಮೇಲೆ ತಾನಾಗಿಯೇ ಹೇಳಿದಳು: "ಎಲ್ಲಾರೂ ಪ್ರಾರ್ಥನೆ ಮಾಡಾಕತ್ತಿದ್ರು. ಅಜ್ಜ ಉಳಿಯಂಗಿಲ್ಲ ಅಂತ ನನ್ನ ಮನಸ್ಸಿನ್ಯಾಗ ಬಂತ್ರಿ ಮೇಡಂ. ನಾ ಸಂಶಯ ಪಟ್ಟೆ. ಅದಕ್ಕ ಅಜ್ಜ ಹೋದ್ರು."

ದೇವರನ್ನು ನಂಬಲ್ಲ ಎನ್ನುವ ಮಾತಿನ ಕೆಳಗೆ ಇದ್ದದ್ದು ಇದು. ಅಜ್ಜನ ಸಾವಿಗೆ ತಾನೇ ಕಾರಣ ಎಂದುಕೊಂಡು ಆ ಮಗು ತಿಂಗಳುಗಟ್ಟಲೆ ಒಬ್ಬಳೇ ಇದ್ದಳು. ದೇವರೇ ಇಲ್ಲ ಎಂದುಕೊಂಡರೆ ತಪ್ಪೂ ತನ್ನದಲ್ಲ ಎಂದಾಗುತ್ತದೆ ಅಲ್ವಾ? ಅವಳಿಗೆ ಉಸಿರಾಡಲು ಸಿಕ್ಕ ಜಾಗ ಅದೊಂದೇ.

ಈ ವಯಸ್ಸಿನ ಮಕ್ಕಳಲ್ಲಿ ಇದು ಅಪರೂಪ ಅಲ್ಲ. ವಯಸ್ಸಿನ ಜೊತೆ ನಂಬಿಕೆ ಹೇಗೆ ಬದಲಾಗುತ್ತದೆ ಎಂದು ಅಧ್ಯಯನ ಮಾಡಿದ ಅಮೆರಿಕದ ಜೇಮ್ಸ್ ಫೌಲರ್ 1981ರಲ್ಲಿ ಅದರ ಹಂತಗಳನ್ನು ವಿವರಿಸಿದರು. ಶಾಲೆಯ ವಯಸ್ಸಿನ ಮಕ್ಕಳು ಕಥೆಯನ್ನು ಇದ್ದದ್ದು ಇದ್ದ ಹಾಗೆ ತೆಗೆದುಕೊಳ್ಳುತ್ತಾರೆ. ಒಳ್ಳೆಯದು ಮಾಡಿದರೆ ದೇವರು ಒಳ್ಳೆಯದು ಕೊಡುತ್ತಾನೆ, ತಪ್ಪು ಮಾಡಿದರೆ ಶಿಕ್ಷೆ. ಲೆಕ್ಕ ಅಷ್ಟು ನೇರ. ಮನೆಯಲ್ಲಿ ಸಾವಾದಾಗ ಆ ಲೆಕ್ಕ ತಪ್ಪುತ್ತದೆ. ಆಗ ಮಗು ಒಂದೋ ದೇವರನ್ನು ದೂರುತ್ತದೆ, ಇಲ್ಲವೇ ತನ್ನನ್ನೇ ದೂರಿಕೊಳ್ಳುತ್ತದೆ.

ಮೊದಲು ಮಾಡಬೇಕಾದ್ದು ಸಾವಿನ ಕಾರಣ ತಿಳಿಸುವುದು. ತಾಯಿ ಅವಳ ಪಕ್ಕ ಕೂತು, ಮಿದುಳಿನ ರಕ್ತನಾಳ ಒಡೆದರೆ ಏನಾಗುತ್ತದೆ, ಡಾಕ್ಟರು ಏನು ಹೇಳಿದ್ದರು ಎಂದು ನಿಧಾನವಾಗಿ ವಿವರಿಸಿದರು. ಮನಸ್ಸಿಗೆ ಬಂದ ಭಯ ಯಾರನ್ನೂ ಕೊಲ್ಲುವುದಿಲ್ಲ ಎಂದು ನಾನೂ ಹೇಳಿದೆ. "ದೇವರಿಗೆ ಬೇಕಾಗಿದ್ರು, ಕರ್ಕೊಂಡ" ಎನ್ನುವ ಮಾತನ್ನು ಸದ್ಯ ಬಿಡಿ ಎಂದು ಮನೆಯವರಿಗೆ ಸೂಚಿಸಿದೆ. ಮಗುವಿಗೆ ಅದು ಸಮಾಧಾನ ಕೊಡುವುದಿಲ್ಲ. ನಾಳೆ ಅಮ್ಮನೂ ಬೇಕಾದರೆ ಎಂಬ ಹೆದರಿಕೆ ಹುಟ್ಟಿಸುತ್ತದೆ.

ಅವಳ ಅಪರಾಧಿ ಭಾವ ಬೈಬಲಿನ ಮಾತುಗಳಲ್ಲೇ ಕೂತಿತ್ತು. ಹಾಗಾಗಿ ಉತ್ತರವೂ ಅಲ್ಲಿಂದಲೇ ಬಂದರೆ ಅವಳು ಒಪ್ಪುತ್ತಾಳೆ ಅನ್ನಿಸಿತು. ಸಭಾಪಾಲಕರಿಗೂ ತಂದೆಗೂ ತಿಳಿಸಿ, ಗೆತ್ಸೇಮನೆ ತೋಟದ ಕಥೆಯನ್ನು ಅವಳಿಂದಲೇ ಓದಿಸಿದೆ. ಈ ಕಷ್ಟದ ಪಾತ್ರೆ ನನ್ನಿಂದ ಹೋಗಲಿ ಎಂದು ಯೇಸು ಬೇಡುತ್ತಾನೆ. ಅದು ಹೋಗುವುದಿಲ್ಲ. ಮರುದಿನವೇ ಶಿಲುಬೆ. ಅವಳು ತಲೆ ಎತ್ತಿ, "ಯೇಸು ಕೇಳಿದ್ರೂ ಆಗಲಿಲ್ಲೇನ್ರಿ?" ಎಂದಳು. ಯೇಸುವಿಗೆ ನಂಬಿಕೆ ಕಡಿಮೆ ಇತ್ತಾ ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು. ಹಾಗಿದ್ದರೆ ಅಜ್ಜನ ವಿಷಯದಲ್ಲಿ ನಿನ್ನ ನಂಬಿಕೆಯ ಮೇಲೆ ಯಾಕೆ ತಪ್ಪು ಹೊರಿಸುತ್ತೀಯ? ಅದಕ್ಕೆ ಉತ್ತರ ಕೊಡಲಿಲ್ಲ. ಅತ್ತಳು.

ತೋಮನ ಕಥೆಯನ್ನೂ ಪೂರ್ತಿ ಓದಿದೆವು. ಮಕ್ಕಳಿಗೆ ಅವನನ್ನು ಸಂಶಯದ ಮನುಷ್ಯ ಎಂದಷ್ಟೇ ತೋರಿಸುವುದು ಅನ್ಯಾಯ. ನಾವೂ ಹೋಗಿ ಆತನ ಜೊತೆ ಸಾಯೋಣ ಎಂದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಹೇಳಿದ ಧೈರ್ಯವಂತ ಅವನೇ. ಆಮೇಲೆ ಗಾಯ ನೋಡಬೇಕು ಎಂದಾಗ ಶಿಷ್ಯರು ಅವನನ್ನು ಹೊರಗೆ ಹಾಕಲಿಲ್ಲ. ಎಂಟು ದಿನ ಕಳೆದ ಮೇಲೂ ಅವರ ಜೊತೆಯಲ್ಲೇ ಇದ್ದ. ಯೇಸು ಬಂದು ಗಾಯದ ಕೈ ಚಾಚಿದ. ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದವನು ಇದೇ ತೋಮ ಎಂಬ ಪರಂಪರೆ ನಮ್ಮ ದೇಶದಲ್ಲೇ ಇದೆ. ಅದು ಅವಳಿಗೆ ತುಂಬ ಹಿಡಿಸಿತು.

ತಂದೆಯ ಜೊತೆ ಮಾತು ಇಷ್ಟು ಸುಲಭ ಆಗಲಿಲ್ಲ. ಸಂಶಯಪಡುವವನು ಸಮುದ್ರದ ತೆರೆಯ ಹಾಗೆ ಎಂಬ, ಬೈಬಲಿನ ಯಾಕೋಬನ ಪತ್ರದ ವಾಕ್ಯವನ್ನು ಮುಂದಿಟ್ಟರು. ಅದರ ಹಿಂದಿನ ವಾಕ್ಯವನ್ನೂ ಓದೋಣ ಎಂದೆ. ಅಲ್ಲಿರುವುದು ವಿವೇಕ ಬೇಡುವವರ ಮಾತು. ಸತ್ತ ಅಜ್ಜನಿಗಾಗಿ ಅಳುವ ಮಗುವಿನ ಮಾತಲ್ಲ. ಸಂಶಯಪಡುವವರಿಗೆ ಕರುಣೆ ತೋರಿಸಿ ಎಂದು ಯೂದನ ಪತ್ರವೂ ಹೇಳುತ್ತದೆ. ಅವರ ನಿಜವಾದ ಭಯ ಬೇರೆ ಇತ್ತು. ಮಗಳು ಸಭೆ ಬಿಟ್ಟು ಹೋದರೆ, ಜನ ಏನಂದಾರು ಎನ್ನುವ ಭಯ. ಅದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ಆದರೆ ಬೈದು ಬಾಯಿ ಮುಚ್ಚಿಸಿದರೆ ಸಂಶಯ ಹೋಗುವುದಿಲ್ಲ, ಮಗಳು ಅದನ್ನು ಅಪ್ಪನಿಂದ ಮುಚ್ಚಿಡಲು ಕಲಿಯುತ್ತಾಳೆ. ದೊಡ್ಡವರು ತನ್ನ ಪ್ರಶ್ನೆಗೆ ಹೆದರಿ ಓಡುವುದಿಲ್ಲ ಎಂದು ಗೊತ್ತಾದಾಗಲೇ ಮಗುವಿಗೆ ಭರವಸೆ ಹುಟ್ಟುತ್ತದೆ.

ಮನೆಗೆ ಕೊಟ್ಟ ಸಲಹೆ ಹೀಗಿತ್ತು. ಸಂಜೆಯ ಪ್ರಾರ್ಥನೆ ನಿಲ್ಲಿಸಬೇಡಿ. ಅವಳು ಕಣ್ಣು ಬಿಟ್ಟುಕೊಂಡು ಸುಮ್ನೆ ಕೂತರೂ ಸರಿ, ಕೂತರೆ ಸಾಕು. ನಂಬುತ್ತೀನಿ ಎಂದು ಹೇಳಿಸಬೇಡಿ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನಿ. ಎಷ್ಟರವರೆಗೆ ಕರ್ತನೇ ಎಂದು ಶುರುವಾಗುವ, ಬೈಬಲಿನ 13ನೇ ಕೀರ್ತನೆಯಂಥವನ್ನೂ ಓದಿ. ದೇವರ ಮೇಲಿನ ದೂರನ್ನೂ ದೇವರಿಗೇ ಹೇಳಬಹುದು ಎಂದು ಮಗು ಕಲಿಯಲಿ.

ಎಲ್ಲರಿಗಿಂತ ಜಾಸ್ತಿ ಸಹಾಯ ಮಾಡಿದ್ದು ಅಜ್ಜಿ. ಎಲ್ಲರೂ ಕೂತ ಭೇಟಿಯಲ್ಲಿ ಮೊಮ್ಮಗಳ ಕೈ ಹಿಡಿದು, "ನನಗೂ ದೇವರ ಮ್ಯಾಲ ಸಿಟ್ಟು ಬಂದಿತ್ತವ್ವಾ. ಈಗೂ ಒಮ್ಮೊಮ್ಮೆ ಬರ್ತೈತಿ. ಅದನ್ನೂ ಅವಗ ಹೇಳ್ತೀನಿ" ಎಂದರು. ತಂದೆ ಅದನ್ನು ಮೊದಲ ಸಲ ಕೇಳುತ್ತಿದ್ದರು.

ಸಂಡೆ ಸ್ಕೂಲ್ ಟೀಚರ್ ಜೊತೆಯೂ ಮಾತಾಡಿದೆ. ಮಕ್ಕಳ ಮೇಲೆ ಪ್ರೀತಿ ಇರುವ ಹುಡುಗಿ. ಸಾಸಿವೆ ಕಾಳಿನ ಪಾಠ ಮಾಡುವಾಗ, ಬೇಡಿದ್ದು ಸಿಗದಿದ್ದರೆ ನಂಬಿಕೆ ಸಾಲಲಿಲ್ಲ ಎಂಬ ಅರ್ಥ ಬಾರದ ಹಾಗೆ ನೋಡಿಕೊಳ್ಳಿ ಎಂದೆ. ಇನ್ನೊಂದು ಮಾತನ್ನೂ ಸೇರಿಸಿದೆ. ದೇವರ ಮೇಲೆ ಭರವಸೆ ಇಡು ಎನ್ನುವುದೇ ಬೇರೆ, ಸಭೆಯ ದೊಡ್ಡವರು ಹೇಳಿದ್ದನ್ನೆಲ್ಲ ಪ್ರಶ್ನಿಸದೆ ಕೇಳು ಎನ್ನುವುದೇ ಬೇರೆ. ಪ್ರಶ್ನೆ ಕೇಳುವುದು ಪಾಪ ಎಂದು ಕಲಿತ ಮಗು, ಯಾರಾದರೂ ತಪ್ಪಾಗಿ ಮುಟ್ಟಿದಾಗಲೂ ಬಾಯಿ ಬಿಡುವುದಿಲ್ಲ. ಮಕ್ಕಳಿಗೆ ಕಲಿಸುವ ಎಲ್ಲರೂ ಇದನ್ನು ನೆನಪಿಡಬೇಕು.

ಹೊಟ್ಟೆನೋವು ಈಗ ಬಹಳ ಕಡಿಮೆ ಆಗಿದೆ. ಸಂಡೆ ಸ್ಕೂಲಿಗೆ ಹೋಗುತ್ತಾಳೆ. ಬಾಯಿಬಿಟ್ಟು ಪ್ರಾರ್ಥನೆ ಮಾಡುವುದಿಲ್ಲ, ಯಾರೂ ಒತ್ತಾಯಿಸುತ್ತಿಲ್ಲ. ತಂದೆಗೆ ಇನ್ನೂ ಕಷ್ಟ ಇದೆ, ಅವರು ನನ್ನ ಹತ್ತಿರ ಬೇರೆಯಾಗಿ ಬರುತ್ತಿದ್ದಾರೆ. ಅಜ್ಜ ತೀರಿಕೊಂಡು ವರ್ಷ ತುಂಬುವ ದಿನ ಮನೆಯಲ್ಲಿ ಕೂಟ ಇದೆ. ಅವತ್ತು ಹಳೆಯ ಅಪರಾಧಿ ಭಾವ ಮತ್ತೆ ಬರಬಹುದು ಎಂದು ತಂದೆತಾಯಿಗೆ ಮೊದಲೇ ತಿಳಿಸಿದ್ದೇನೆ. ಅವಳ ಮುಂದಿನ ಭೇಟಿಯನ್ನು ಅದಾದ ವಾರಕ್ಕೇ ಇಟ್ಟುಕೊಂಡಿದ್ದೇವೆ.